ಸ್ಟೀಮ್ ಲೋಕೋ ಸೌಂಡ್ ಡಿಕೋಡರ್‌ಗಳು: ಲೋಕ್‌ಸೌಂಡ್, ಸುನಾಮಿ2, ಝಿಮೋ ವರ್ಷಗಟ್ಟಲೆ ಓಡಿಸಿದ ಮೇಲೆ

ಸೌಂಡ್ ಡಿಕೋಡರ್ ಅಂದ್ರೆ ಮಾಡೆಲ್ ಇಂಜಿನ್ ಒಳಗೆ ಕೂತು, ಹಳಿಯಿಂದ ಬರೋ ಡಿಜಿಟಲ್ ಆಜ್ಞೆ ಓದಿ ಮೋಟಾರನ್ನೂ ಸದ್ದನ್ನೂ ನಡೆಸೋ ಸಣ್ಣ ಸರ್ಕ್ಯೂಟ್ ಬೋರ್ಡು. ಮಾಡೆಲ್ ಸ್ಟೀಮ್ ಇಂಜಿನ್‌ಗೆ ಯಾವ ಸೌಂಡ್ ಹಾಕಿಸ್ಲಿ ಅಂತ ಕೇಳೋರು ಜಾಸ್ತಿ ಜನ ವಿಸಿಲ್ ಕೇಳಿಸ್ಕೊಂಡೇ ತೀರ್ಮಾನ ಮಾಡಿಬಿಡ್ತಾರೆ. ವಿಸಿಲ್ ಎಲ್ಲಾ ಕಂಪನಿದೂ ಚೆನ್ನಾಗೇ ಇರುತ್ತೆ ಕಣ್ರೀ, ರೆಕಾರ್ಡ್ ಮಾಡಿದ್ದನ್ನ ವಾಪಸ್ ಕೂಗಿಸೋದು ಈಗ ದೊಡ್ಡ ವಿಷಯ ಅಲ್ಲ. ನಾನು ನೋಡೋದೇ ಬೇರೆ. ಇಂಜಿನ್ ಒಂದು ಸ್ಪೀಡಲ್ಲಿ ಹೋಗ್ತಾ ಇರೋವಾಗ ಥ್ರಾಟಲ್ ಇಳಿಸಿ, ಛುಕ್ ಛುಕ್ ನಿಲ್ಲುತ್ತಾ ಇಲ್ವಾ ಕೇಳಿ. ನಿಜವಾದ ಇಂಜಿನ್‌ನಲ್ಲಿ ರೆಗ್ಯುಲೇಟರ್ (ಉಗಿ ಬಿಡೋ ಕವಾಟ) ಮುಚ್ಚಿದ್ರೆ ಸಿಲಿಂಡರ್‌ಗೆ ಉಗಿ ಹೋಗಲ್ಲ, ಉಗಿ ಹೋಗ್ಲಿಲ್ಲ ಅಂದ್ರೆ ಚಿಮಣಿಯಲ್ಲಿ ಹೊಡೆತ ಇಲ್ಲ, ಆಗ ಕೇಳ್ಸೋದು ರಾಡ್‌ಗಳ ಕಟಕಟ ಮಾತ್ರ. ಇದನ್ನ ಸರಿಯಾಗಿ ಮಾಡೋ ಡಿಕೋಡರ್ ಮಿಕ್ಕಿದ್ದನ್ನೂ ಸರಿಯಾಗೇ ಮಾಡುತ್ತೆ. ಇದು ಬರ್ದೇ ಇರೋದ್ರಲ್ಲಿ ಇಪ್ಪತ್ತೆಂಟು ಫಂಕ್ಷನ್ ಬಟನ್ ಇದ್ರೂ ಅಷ್ಟೇ.

ನನ್ನ ಹತ್ರ ಇರೋದು ಮುಖ್ಯವಾಗಿ ಮೂರು: ಇಎಸ್‌ಯು ಕಂಪನಿಯ ಲೋಕ್‌ಸೌಂಡ್ 5, ಸೌಂಡ್‌ಟ್ರಾಕ್ಸ್‌ನ ಸುನಾಮಿ2, ಝಿಮೋದ ಎಂಎಸ್ ಸೀರೀಸ್. ಮೂರೂ 16 ಬಿಟ್ ಸೌಂಡು, ಹಾಗಾಗಿ ಬಿಟ್ ಲೆಕ್ಕ ಹಿಡ್ಕೊಂಡು ಜಗಳ ಆಡೋದ್ರಲ್ಲಿ ಅರ್ಥ ಇಲ್ಲ. ಲೋಕ್‌ಸೌಂಡ್ 5ರಲ್ಲಿ ಒಟ್ಟಿಗೆ 10 ಚಾನೆಲ್, ಝಿಮೋ ಎಂಎಸ್‌ನಲ್ಲಿ 16. ಪೇಪರ್ ಮೇಲೆ ದೊಡ್ಡ ವ್ಯತ್ಯಾಸ, ಆದ್ರೆ ಒಂದು ಸ್ಟೀಮ್ ಇಂಜಿನ್ ಒಂದೇ ಹೊತ್ತಿಗೆ ಮಾಡೋ ಸದ್ದು ಎಷ್ಟಿರುತ್ತೆ ಹೇಳಿ, ಛುಕ್, ಪಂಪು, ಬಾಯ್ಲರ್ ಸುಯ್ಯನ್ನೋದು, ವಿಸಿಲ್, ಗಂಟೆ, ಕಲ್ಲಿದ್ದಲು ಸಲಿಕೆ ಅಷ್ಟೆ. ಹತ್ತು ಧಾರಾಳವಾಗಿ ಸಾಕು.

ಈಗ ಛುಕ್ ವಿಷಯಕ್ಕೆ ಬರ್ತೀನಿ, ಇಲ್ಲೇ ಸ್ವಲ್ಪ ಜಾಸ್ತಿ ಹೊತ್ತು ನಿಲ್ಬೇಕು. ಎರಡು ಸಿಲಿಂಡರ್ ಇಂಜಿನ್ ಆದ್ರೆ ಡ್ರೈವಿಂಗ್ ಚಕ್ರ ಒಂದು ಸುತ್ತು ಬರೋದ್ರಲ್ಲಿ ನಾಲ್ಕು ಛುಕ್. ಮೂರು ಸಿಲಿಂಡರ್ ಆದ್ರೆ ಆರು, ಬ್ರಿಟನ್ನಿನ ಗ್ರೆಸ್ಲಿ ಎ4 ಇಂಜಿನ್‌ಗಳು ಹಾಗೆ. ನಾಲ್ಕು ಸಿಲಿಂಡರ್ ಅಂದ ತಕ್ಷಣ ಎಂಟು ಅಂದ್ಕೋಬೇಡಿ, ಕ್ಯಾಸಲ್ ಕ್ಲಾಸ್‌ಗೆ ನಾಲ್ಕು ಸಿಲಿಂಡರ್ ಇದ್ರೂ ಛುಕ್ ನಾಲ್ಕೇ, ಯಾಕಂದ್ರೆ ಜೋಡಿ ಜೋಡಿಯಾಗಿ ಒಟ್ಟಿಗೇ ಉಗಿ ಬಿಡುತ್ತೆ, ಆದ್ರೆ ಬ್ರಿಟನ್ನಿನದೇ ಸದರ್ನ್ ರೈಲ್ವೆಯ ಲಾರ್ಡ್ ನೆಲ್ಸನ್ ಕ್ಲಾಸ್‌ಗೆ ಕ್ರ್ಯಾಂಕ್‌ಗಳನ್ನ ಬೇರೆ ಕೋನದಲ್ಲಿ ಕೂರಿಸಿದ್ರಿಂದ ಎಂಟು ಬರುತ್ತೆ. ಇನ್ನು ಲೆಕ್ಕ ಹಾಕಿ. ಎ4 ಚಕ್ರ 6 ಅಡಿ 8 ಇಂಚು, ಓಓ ಸ್ಕೇಲಲ್ಲಿ (ಬ್ರಿಟಿಷ್ ಮಾಡೆಲ್‌ಗಳ 1:76 ಅಳತೆ) ಅದು ಸುಮಾರು 27 ಮಿಲಿಮೀಟರ್, ಸುತ್ತಳತೆ 84ರ ಆಸುಪಾಸು. ಅಂದ್ರೆ ಹಳಿ ಮೇಲೆ ಪ್ರತಿ 14 ಮಿಲಿಮೀಟರ್‌ಗೆ ಒಂದು ಛುಕ್ ಬರ್ಬೇಕು. ನಿಧಾನವಾಗಿ ಸ್ಟೇಷನ್ ಬಿಡೋವಾಗ ಇದು ತಪ್ಪಿದ್ರೆ ಸ್ಕೇಲ್ ಹಿಡಿದು ಅಳೀಬೇಕಾಗಿಲ್ಲ, ರಾಡ್ ನೋಡ್ತಾ ಇದ್ರೆ ಕಣ್ಣಿಗೇ ಕಾಣುತ್ತೆ. ಅದೇ ಇಂಜಿನ್ ಗಂಟೆಗೆ 60 ಮೈಲಿ ಸ್ಪೀಡಿಗೆ ಹೋದಾಗ ಸೆಕೆಂಡಿಗೆ 25 ಛುಕ್, ಬಿಡಿಬಿಡಿಯಾಗಿ ಕೇಳೋದೇ ಇಲ್ಲ, ಒಂದೇ ಮೊರೆತ. ಹಾಗಾಗಿ ಸ್ಪೀಡಲ್ಲಿ ಸಿಂಕ್ (ಛುಕ್ಕೂ ಚಕ್ರವೂ ಹೊಂದೋದು) ಬಗ್ಗೆ ತಲೆ ಕೆಡಿಸ್ಕೊಳ್ಳೋರು ಸುಮ್ನೆ ಟೈಮ್ ವೇಸ್ಟ್ ಮಾಡ್ಕೊತಾರೆ ಅಂತ ನನ್ನ ಅಭಿಪ್ರಾಯ.

ಸಿಂಕ್ ಮಾಡೋಕೆ ದಾರಿ ಬೇರೆ ಬೇರೆ. ಹಳೇದು ಅಂದ್ರೆ ಚಕ್ರದ ಆಕ್ಸಲ್‌ಗೆ ಕ್ಯಾಮ್ ಇಟ್ಟು ಕಾಂಟ್ಯಾಕ್ಟ್ ತಗಲಿಸೋದು, ಅಥವಾ ಸಣ್ಣ ಮ್ಯಾಗ್ನೆಟ್ ಅಂಟಿಸಿ ಆ ಮ್ಯಾಗ್ನೆಟ್ ಗುರುತಿಸೋ ಹಾಲ್ ಸೆನ್ಸರ್ ಇಡೋದು. ಇದು ಯಾವತ್ತೂ ತಪ್ಪಲ್ಲ, ಚಕ್ರ ತಿರುಗಿದ್ರೆ ಛುಕ್, ಅಷ್ಟೇ. ಎಂಟಿಎಚ್ ಪ್ರೋಟೋಸೌಂಡ್‌ನವರು ಮೋಟಾರಿನ ಫ್ಲೈವೀಲ್ ಮೇಲೆ ಕಪ್ಪು ಬಿಳಿ ಪಟ್ಟೆ ಟೇಪ್ ಸುತ್ತಿ ಅದನ್ನ ಆಪ್ಟಿಕಲ್ ಸೆನ್ಸರಲ್ಲಿ ಓದ್ತಾರೆ, ಅದೂ ಗಟ್ಟಿ ವ್ಯವಸ್ಥೆ. ಮಿಕ್ಕಿದ್ದೆಲ್ಲ ಬ್ಯಾಕ್ ಇಎಂಎಫ್ ನಂಬ್ಕೊಂಡಿರೋದು: ಡಿಕೋಡರ್ ಒಂದು ಕ್ಷಣ ಮೋಟಾರಿಗೆ ಕರೆಂಟ್ ನಿಲ್ಲಿಸಿ, ಮೋಟಾರ್ ತಾನೇ ಹುಟ್ಟಿಸೋ ವೋಲ್ಟೇಜ್ ಅಳೆದು, ಅದ್ರಿಂದ ಸ್ಪೀಡ್ ಊಹೆ ಮಾಡೋದು. ಊಹೆ ಅಂದ್ಮೇಲೆ ಟ್ಯೂನ್ ಮಾಡ್ಲೇಬೇಕು, ಅದು ಸಿವಿ ಅನ್ನೋ ನಂಬರ್ ಹಾಕಿದ ಸೆಟ್ಟಿಂಗ್‌ಗಳಿಂದ. ಲೋಕ್‌ಸೌಂಡ್‌ನಲ್ಲಿ ಸಿವಿ 57, 58, ಝಿಮೋದಲ್ಲಿ ಸಿವಿ 267. ಲೋಕ್‌ಸೌಂಡ್‌ನಲ್ಲಿ ಎರಡು ಸಿವಿ ಇರೋದು ನಂಗೆ ಇಷ್ಟ, ನಿಧಾನದ ಸ್ಪೀಡಿಗೂ ಮೇಲಿನ ಸ್ಪೀಡಿಗೂ ಬೇರೆ ಬೇರೆಯಾಗಿ ಸರಿ ಮಾಡ್ಬೋದು. ಝಿಮೋದಲ್ಲಿ ಒಂದೇ ನಂಬರ್, ಆದ್ರೆ ಅವ್ರ ಮೋಟಾರ್ ಕಂಟ್ರೋಲ್ ಎಷ್ಟು ನಯ ಅಂದ್ರೆ ಅದೊಂದೇ ಸಾಕಾಗುತ್ತೆ ಅನ್ಸಿದೆ. ಬಿಸಿಯಾದ ಮೇಲೆ ಮೋಟಾರ್ ಗುಣ ಸ್ವಲ್ಪ ಬದಲಾಗುತ್ತೆ, ಆದ್ರಿಂದ ಟ್ಯೂನ್ ಮಾಡೋ ಮುಂಚೆ ಇಂಜಿನ್‌ನ ಸ್ವಲ್ಪ ಹೊತ್ತು ಓಡಿಸಿ.

ಲೋಡ್ ಸೌಂಡ್ ವಿಷಯದಲ್ಲಿ ಮೂರಕ್ಕೂ ಮೂರು ಥರದ ಸ್ವಭಾವ. ಝಿಮೋಗೆ ಮೊದಲು ಇಂಜಿನ್ ಖಾಲಿ ಓಡಿದ್ರೆ ಎಷ್ಟು ಲೋಡ್ ಅಂತ ಕಲಿಸ್ಬೇಕು, ಸಮತಟ್ಟಾದ ಉದ್ದನೇ ಟ್ರ್ಯಾಕ್ ಮೇಲೆ ಬೋಗಿ ಇಲ್ದೆ ಇಟ್ಟು ಸಿವಿ 302ಕ್ಕೆ 75 ಬರೆದ್ರೆ ಅದೇ ಓಡಿ ಅಳೆದುಕೊಳ್ಳುತ್ತೆ. ಆಮೇಲೆ ಹತ್ತು ಬೋಗಿ ಕಟ್ಟಿ ಏರಿಗೆ ಬಿಟ್ಟು ನೋಡಿ, ಛುಕ್ ದಪ್ಪ ಆಗುತ್ತೆ, ಏರಿನ ತುದಿ ದಾಟಿ ಇಳಿಜಾರು ಸಿಕ್ಕಿದ ತಕ್ಷಣ ಮೆತ್ತಗಾಗುತ್ತೆ, ನಾವು ಏನೂ ಮುಟ್ಟಿರಲ್ಲ. ಸುನಾಮಿ2ರಲ್ಲಿ ಡೈನಾಮಿಕ್ ಡಿಜಿಟಲ್ ಎಕ್ಸಾಸ್ಟ್ ಅಂತ ಇದೆ, ಅದೂ ಬ್ಯಾಕ್ ಇಎಂಎಫ್ ನೋಡ್ಕೊಂಡೇ ಛುಕ್‌ನ ಜೋರೂ ಮಾಡೋದು ಕಮ್ಮಿನೂ ಮಾಡೋದು, ಥ್ರಾಟಲ್ ಎತ್ತಿದಾಗ ಬರೋ ಗುಡುಗು ಮೂರರಲ್ಲೂ ಇದ್ರದ್ದೇ ಖುಷಿ ಕೊಡೋದು, ಅಮೆರಿಕದ ದೊಡ್ಡ ಇಂಜಿನ್‌ಗಳಿಗಂತೂ ಹೇಳಿ ಮಾಡಿಸಿದ ಹಾಗಿದೆ. ಲೋಕ್‌ಸೌಂಡ್‌ನಲ್ಲಿ ಮಾತ್ರ ಸೌಂಡ್ ಫೈಲ್ ಬರೆದವರ ಕೈ ಮೇಲೆ ತುಂಬಾ ಹೋಗುತ್ತೆ. ಒಬ್ರು ಬರೆದ ಪ್ರಾಜೆಕ್ಟ್‌ನಲ್ಲಿ ಥ್ರಾಟಲ್ ಒಂದು ಸ್ಟೆಪ್ ಇಳಿಸಿದ್ರೂ ಕೋಸ್ಟಿಂಗ್ (ಛುಕ್ ಇಲ್ದೆ ಉರುಳೋ ಸದ್ದು) ಬರುತ್ತೆ, ಇನ್ನೊಬ್ರದ್ರಲ್ಲಿ ಪೂರ್ತಿ ಇಳಿಸ್ಬೇಕು. ಆದ್ರೆ ಡ್ರೈವ್ ಹೋಲ್ಡ್ ಅಂತ ಒಂದು ಬಟನ್ ಇದೆಯಲ್ಲ, ಅದನ್ನ ಒತ್ತಿದ್ರೆ ಸ್ಪೀಡ್ ಅಲ್ಲೇ ನಿಲ್ಲುತ್ತೆ, ಆಮೇಲೆ ಥ್ರಾಟಲ್ ಬರೀ ಸೌಂಡನ್ನ ನಡೆಸುತ್ತೆ. ಮೊದಲು ಇದು ಡೀಸೆಲ್‌ನವರ ಆಟಿಕೆ ಅಂದ್ಕೊಂಡು ಜನ ಬಿಡ್ತಾರೆ, ಸ್ಟೀಮಲ್ಲಿ ಇದ್ರ ಮಜಾನೇ ಬೇರೆ.

ಇನ್ನೊಂದು ದೊಡ್ಡ ವ್ಯತ್ಯಾಸ ಏನಂದ್ರೆ ಸುನಾಮಿ2 ಡಿಕೋಡರ್ ಒಳಗೇ ಬೇರೆ ಬೇರೆ ವಿಸಿಲ್, ಗಂಟೆ, ಪಂಪು, ಛುಕ್ ಎಲ್ಲಾ ತುಂಬಿರುತ್ತೆ, ಸಿವಿ ಬದಲಾಯಿಸಿ ಆರಿಸ್ಕೊಂಡ್ರೆ ಆಯ್ತು, ಜೊತೆಗೆ ಈಕ್ವಲೈಸರೂ ಇದೆ. ಲೋಕ್‌ಸೌಂಡ್‌ಗೆ ಲೋಕ್‌ಪ್ರೋಗ್ರಾಮರ್ ಅನ್ನೋ ಡಬ್ಬ ಬೇಕು, ಅದಿದ್ರೆ ಡಿಕೋಡರ್ ಒಳಗಿನ ಇಡೀ ಸೌಂಡ್ ಅಳಿಸಿ ಬೇರೆ ಇಂಜಿನ್ನಿನ ಸೌಂಡ್ ಹಾಕ್ಬೋದು. ಒಂದೇ ಇಂಜಿನ್ ಇರೋರಿಗೆ ಸುನಾಮಿ2 ಸುಲಭ, ಕಪಾಟು ತುಂಬಾ ಇಂಜಿನ್ ಇರೋರಿಗೆ ಲೋಕ್‌ಪ್ರೋಗ್ರಾಮರ್ ಇಲ್ದೆ ಆಗಲ್ಲ. ಬ್ಲೂಟೂತ್ ಆ್ಯಪ್‌ನಿಂದ ಸೌಂಡ್ ಲೋಡ್ ಮಾಡೋ ಹಾರ್ನ್‌ಬಿ ಎಚ್‌ಎಂ7000 ಕೂಡ 2023ರಿಂದ ಇದೆ, ಕಂಪ್ಯೂಟರ್ ಕಂಡ್ರೆ ಆಗದೇ ಇರೋರಿಗೆ ಆ ದಾರಿ.

ಸ್ಪೀಕರ್ ಬಗ್ಗೆ ಯಾರೂ ಮಾತಾಡಲ್ಲ, ಆದ್ರೆ ಡಿಕೋಡರ್‌ಗಿಂತ ಜಾಸ್ತಿ ಕೆಲಸ ಅದ್ರದ್ದೇ. ಫ್ಯಾಕ್ಟರಿಯಿಂದಲೇ ಸೌಂಡ್ ಹಾಕಿ ಬಂದ ಒಂದು ಇಂಜಿನ್, ಕಂಪನಿ ಹೆಸರು ಬೇಡ, ಶುರುವಲ್ಲಿ ತಗಡಿನ ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಇತ್ತು. ಟೆಂಡರ್ (ಇಂಜಿನ್ ಹಿಂದಿನ ಕಲ್ಲಿದ್ದಲು, ನೀರಿನ ಗಾಡಿ) ಬಿಚ್ಚಿ ನೋಡಿದ್ರೆ ಸ್ಪೀಕರ್ ಬಾಕ್ಸಿನ ಅಂಟು ಒಂದು ಮೂಲೆಯಲ್ಲಿ ಬಿಟ್ಟಿದೆ. ಸ್ಪೀಕರ್ ಹಿಂದಿನ ಗಾಳಿ ಮುಂದಿನ ಗಾಳಿ ಜೊತೆ ಸೇರಿಬಿಟ್ರೆ ಎರಡೂ ಒಂದನ್ನೊಂದು ತಿಂದುಹಾಕುತ್ತೆ, ಮೊದಲು ಹೋಗೋದು ಬೇಸ್. ಮೂಲೆ ಮುಚ್ಚಿ ಬಾಕ್ಸ್ ಗಾಳಿಯಾಡದ ಹಾಗೆ ಮಾಡಿದ್ಮೇಲೆ ಅದೇ ಡಿಕೋಡರ್, ಅದೇ ಸ್ಪೀಕರ್, ಬೇರೆ ಇಂಜಿನ್ ಅನ್ನೋ ಹಾಗಾಯ್ತು. ಶುಗರ್ ಕ್ಯೂಬ್ ಸ್ಪೀಕರ್ ಅಂತ 11 ಗುಣಿಸು 15 ಮಿಲಿಮೀಟರಿನದು ಸಿಗುತ್ತೆ, ಸ್ಮಾರ್ಟ್‌ಫೋನ್ ಕಾಲದ ಕೃಪೆ, ಆಳವಾದ ಬಾಕ್ಸಿಗೆ ಹಾಕಿದ್ರೆ ಗಾತ್ರಕ್ಕೆ ಮೀರಿ ಸದ್ದು ಮಾಡುತ್ತೆ. ಆದ್ರೂ ಇಷ್ಟು ಸಣ್ಣದ್ರಿಂದ ನಿಜವಾದ ಗುಡುಗು ನಿರೀಕ್ಷೆ ಮಾಡ್ಬೇಡಿ. ಟೆಂಡರಲ್ಲಿ ಜಾಗ ಇದ್ರೆ ಎರಡು ಹಾಕಿ, ಇಲ್ಲಾಂದ್ರೆ ಒಂದು ಹಾಕಿ ಬಾಕ್ಸ್ ದೊಡ್ಡದು ಮಾಡಿ. ಓಮ್ ನೋಡಿ ತಗೊಳ್ಳಿ, ಡಿಕೋಡರ್ ಕೇಳಿದ್ದಕ್ಕಿಂತ ಕಮ್ಮಿ ಓಮ್ ಹಾಕಿದ್ರೆ ಆಂಪ್ಲಿಫೈಯರ್ ಹೋಗುತ್ತೆ.

ಛುಕ್ ಚಿಮಣಿಯಿಂದ ಬರ್ಬೇಕು, ಟೆಂಡರಿಂದ ಅಲ್ಲ ಅನ್ನೋರಿದ್ದಾರೆ. ದೊಡ್ಡ ಸ್ಕೇಲಲ್ಲಿ ಅದು ಸರಿ, ಓಓ, ಎಚ್‌ಓ ಸೈಜಿನಲ್ಲಿ ಕಿವಿಗೆ ಅಷ್ಟು ಗೊತ್ತಾಗಲ್ಲ.

ಟ್ರ್ಯಾಕ್ ಕೊಳೆ ಇದ್ರೆ ಸೌಂಡ್ ಕಟ್ ಆಗಿ ಮತ್ತೆ ಮೊದಲಿಂದ ಶುರುವಾಗೋದು, ಇಷ್ಟು ಬೇಜಾರು ಮಾಡೋದು ಇನ್ನೊಂದಿಲ್ಲ. ಇಎಸ್‌ಯು ಪವರ್‌ಪ್ಯಾಕ್ ಥರದ ಕೀಪ್ ಅಲೈವ್ ಕೆಪಾಸಿಟರ್ (ಒಂದಿಷ್ಟು ಕರೆಂಟ್ ಹಿಡಿದಿಟ್ಟುಕೊಳ್ಳೋದು) ಹಾಕಿದ್ರೆ ಆ ತಲೆನೋವು ಇಲ್ಲ. ಕೆಲವು ಕೀಪ್ ಅಲೈವ್ ಇದ್ದಾಗ ಪ್ರೋಗ್ರಾಮಿಂಗ್ ಟ್ರ್ಯಾಕಲ್ಲಿ (ಸಿವಿ ಓದೋಕೆ ಬರೆಯೋಕೆ ಇಟ್ಟ ಹಳಿ ತುಂಡು) ಸಿವಿ ಓದೋಕೆ ಆಗಲ್ಲ, ಸಿವಿ ಟ್ಯೂನಿಂಗ್ ಮುಗಿಸಿ ಆಮೇಲೆ ಹಾಕೋದು ಒಳ್ಳೇದು. ಡಿಜಿಟಲ್ ಅಲ್ಲದ ಹಳೇ ಥರದ ಡಿಸಿ ಕಂಟ್ರೋಲರ್ ಮೇಲೆ ಓಡಿಸೋರಿಗೆ ಸೌಂಡ್ ಸಲಹೆ ಮಾಡಲ್ಲ, ಡಿಕೋಡರ್ ಎದ್ದೇಳೋಕೇ ಐದಾರು ವೋಲ್ಟ್ ಬೇಕು, ಅಷ್ಟು ಕೊಟ್ಮೇಲೆ ಇಂಜಿನ್ ಜಿಗಿಯುತ್ತೆ.

ಹಳೇ ಕಾಲದ್ದೂ ಒಂದು ಮಾತು. 1935ರಲ್ಲಿ ಅಮೆರಿಕದ ಆಟಿಕೆ ರೈಲು ಕಂಪನಿ ಲಯನೆಲ್‌ನವರು ಟೆಂಡರ್ ಒಳಗೆ ಮೋಟಾರ್ ಇಟ್ಟು ಗಾಳಿ ಊದಿಸಿ ವಿಸಿಲ್ ಕೂಗಿಸ್ತಿದ್ರು, ಎಸಿ ಹಳಿ ಮೇಲೆ ಒಂದಿಷ್ಟು ಡಿಸಿ ಬಿಟ್ರೆ ಅದು ಕೂಗೋದು. ಆಮೇಲೆ ಅಮೆರಿಕದ ಪೆಸಿಫಿಕ್ ಫಾಸ್ಟ್ ಮೇಲ್ ಕಂಪನಿಯ ಪಿಎಫ್‌ಎಂ ಸಿಸ್ಟಮ್ ಬಂತು, ಸೌಂಡ್ ಹುಟ್ಟೋದು ಕಂಟ್ರೋಲ್ ಬಾಕ್ಸಲ್ಲಿ, ಹಳಿ ಮೂಲಕ ಇಂಜಿನ್ನಿನ ಸ್ಪೀಕರ್‌ಗೆ ಹೋಗೋದು, ಛುಕ್ ಮಾತ್ರ ಚಕ್ರದ ಕ್ಯಾಮ್ ಹೇಳಿದ ಹಾಗೆ. ಈಗಿನ ಎಷ್ಟೋ ಸಸ್ತಾ ಡಿಕೋಡರ್‌ಗಿಂತ ಸಿಂಕ್ ಅದ್ರಲ್ಲೇ ಸರಿಯಾಗಿತ್ತು, ನಿಜ ಹೇಳ್ಬೇಕಂದ್ರೆ.

ಯಾವುದು ತಗೋಬೇಕು ಅಂತ ಕೇಳಿದ್ರೆ, ಯುರೋಪು, ಬ್ರಿಟನ್ ಇಂಜಿನ್‌ಗೆ ನಾನು ಝಿಮೋ ಹಾಕ್ತೀನಿ, ಒಳ್ಳೇ ಪ್ರಾಜೆಕ್ಟ್ ಸಿಕ್ಕಿದ್ರೆ ಲೋಕ್‌ಸೌಂಡ್. ಅಮೆರಿಕದ್ದಕ್ಕೆ ಸುನಾಮಿ2. ಯಾವುದೇ ಹಾಕಿ, ಮೊದಲು ವಾಲ್ಯೂಮ್ ಅರ್ಧಕ್ಕೆ ಇಳಿಸಿ, ಲೋಕ್‌ಸೌಂಡಲ್ಲಿ ಸಿವಿ 63, ಸುನಾಮಿ2ರಲ್ಲಿ 128, ಝಿಮೋದಲ್ಲಿ 266. ಫ್ಯಾಕ್ಟರಿ ಸೆಟ್ಟಿಂಗ್ ಅಂಗಡಿಯಲ್ಲಿ ಗಿರಾಕಿ ಕಿವಿಗೆ ಬೀಳ್ಲಿ ಅಂತ ಇಟ್ಟಿರೋದು, ಒಂದೇ ಕೋಣೆಯಲ್ಲಿ ಮೂರು ಇಂಜಿನ್ ನಿಂತು ಪಂಪು ಹೊಡೆಯೋಕೆ ಶುರು ಮಾಡಿದ್ರೆ ಮನೆಯವರು ಬಾಗಿಲು ಹಾಕ್ಕೊಂಡು ಹೋಗ್ತಾರೆ.