ಟ್ಯಾಂಕಿನ ನೀರು ಅಳೆಯುತ್ತಾ ಪೈಥಾನ್: ರಾಸ್ಪ್‌ಬೆರಿ ಪೈ ಪೈಕೊ ಡಬ್ಲ್ಯು ಹೇಗಿದೆ?

ಮೈಸೂರಿನ ಮನೆ ಅಂದರೆ ಕೆಳಗೊಂದು ಸಂಪು, ತಾರಸಿ ಮೇಲೊಂದು ಟ್ಯಾಂಕು, ನಡುವೆ ಮೋಟರಿನ ಸ್ವಿಚ್ಚು. ಸ್ವಿಚ್ ಹಾಕಿದವರು ಮರೆತರೆ ನೀರು ತಾರಸಿಯಿಂದ ಬೀದಿಗೆ ಇಳಿಯುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಈ ಟ್ಯಾಂಕಿನ ನೀರು ಅಳೆಯುವುದಕ್ಕಿಂತ ಒಳ್ಳೆಯ ಪ್ರಾಜೆಕ್ಟನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ವೇರಿಯಬಲ್, ಲೂಪ್, ಫಂಕ್ಷನ್, ಲಿಸ್ಟ್, ಎಕ್ಸೆಪ್ಷನ್ ಎಲ್ಲವೂ ಇದರೊಳಗೆ ಬರುತ್ತವೆ, ಅದೂ ಬೇಕಾದ ಹೊತ್ತಿಗೆ ಸರಿಯಾಗಿ. ಅಂಕಪಟ್ಟಿ ಮುದ್ರಿಸುವ ಪ್ರೋಗ್ರಾಮ್ ತಪ್ಪಾದರೆ ಪರದೆ ಮೇಲೆ ನಾಲ್ಕು ಸಾಲು ಕೆಂಪಕ್ಷರ ಬರುತ್ತದೆ, ಅಷ್ಟೆ. ಇಲ್ಲಿ ತಪ್ಪಾದರೆ ಖಾಲಿ ಟ್ಯಾಂಕನ್ನೇ ತುಂಬಿದೆ ಎಂದು ತೋರಿಸುತ್ತದೆ. ಈ ಕೆಲಸಕ್ಕೆ ಪೈಕೊ ಡಬ್ಲ್ಯು ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಎಷ್ಟು ಸರಿ, ಎಲ್ಲಿ ಕೈಕೊಡುತ್ತದೆ ನೋಡೋಣ.

ಬೋರ್ಡು 51 ಮಿಲಿಮೀಟರ್ ಉದ್ದ, 21 ಮಿಲಿಮೀಟರ್ ಅಗಲ. ಮೊದಲ ಪೈಕೊ 2021ರ ಜನವರಿಯಲ್ಲಿ ಬಂತು, ವೈಫೈ ಇರುವ ಡಬ್ಲ್ಯು 2022ರ ಜೂನ್‌ನಲ್ಲಿ. ಬಿಡುಗಡೆಯ ಬೆಲೆ 6 ಡಾಲರ್. ಒಳಗಿರುವುದು ಆರ್‌ಪಿ2040 ಚಿಪ್ಪು: 133 ಮೆಗಾಹರ್ಟ್ಸ್‌ನ ಎರಡು ಕೋರ್, 264 ಕೆಬಿ ರ‍್ಯಾಮ್, ಪಕ್ಕದಲ್ಲಿ 2 ಎಂಬಿ ಫ್ಲ್ಯಾಶ್. ಲ್ಯಾಪ್‌ಟಾಪಿನ ಪಕ್ಕ ಇಟ್ಟು ನೋಡಿದರೆ ಏನೂ ಅಲ್ಲ, ಟ್ಯಾಂಕು ಕಾಯುವುದಕ್ಕೆ ಬೇಕಾದಷ್ಟಾಯಿತು. ಇದರ ಮೇಲೆ ಓಡುವುದು ಮೈಕ್ರೊಪೈಥಾನ್. ಡೇಮಿಯನ್ ಜಾರ್ಜ್ 2013ರಲ್ಲಿ ಜನರಿಂದ ಹಣ ಕೂಡಿಸಿ ಶುರು ಮಾಡಿದ ಇದು ಬರವಣಿಗೆಯಲ್ಲಿ ಪೈಥಾನ್ 3ರ ಹಾಗೇ ಇದೆ. ಲೈಬ್ರರಿಗಳು ಮಾತ್ರ ಆಯ್ದ ಕೆಲವು. ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷವೇ ಪೈಥಾನ್ ಆಯ್ದುಕೊಂಡವರಿಗೆ ಇಲ್ಲಿಯ ಇಫ್, ಫಾರ್, ಡೆಫ್ ಯಾವುದೂ ಹೊಸದಾಗಿ ಕಾಣುವುದಿಲ್ಲ.

ಕೊಳ್ಳುವಾಗಲೇ ಎಡವುವ ಜಾಗಗಳಿವೆ. ಬರೀ ಡಬ್ಲ್ಯು ಕೊಂಡರೆ ಪಿನ್ನುಗಳು ಇರುವುದಿಲ್ಲ, 40 ಪಿನ್ ನೀವೇ ಬೆಸುಗೆ ಹಾಕಬೇಕು. ಬೆಸುಗೆ ಬಾರದವರು ಡಬ್ಲ್ಯುಎಚ್ ಎಂಬುದನ್ನೇ ಕೇಳಿ ತೆಗೆದುಕೊಳ್ಳಿ, ಅದಕ್ಕೆ ಪಿನ್ ಕೂಡಿಸಿಯೇ ಕೊಡುತ್ತಾರೆ. ಬೆಸುಗೆ ಇಲ್ಲದ ಬೋರ್ಡಿನ ತೂತಿಗೆ ಪಿನ್ ಸುಮ್ಮನೆ ತೂರಿಸಿಟ್ಟರೆ ಒಮ್ಮೆ ನಡೆಯುತ್ತದೆ, ಒಮ್ಮೆ ಇಲ್ಲ. ಆಗ ತಪ್ಪು ಕೋಡಿನದೋ ತಂತಿಯದೋ ಎಂದು ಗೊತ್ತಾಗದೆ ವಾರ ಕಳೆಯುತ್ತದೆ. ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ 830 ತೂತಿನದು ಇರಲಿ. 400 ತೂತಿನದರಲ್ಲಿ 30 ಸಾಲು. ಪೈಕೊ ಒಂದೇ 20 ಸಾಲು ನುಂಗಿದರೆ ಮಿಕ್ಕಿದ್ದು 10. ಯುಎಸ್‌ಬಿ ಕೇಬಲ್ ಮೈಕ್ರೊ ತುದಿಯದು, ಡೇಟಾ ಹಾದುಹೋಗುವಂಥದು ಬೇಕು. ಹಳೆಯ ಮೊಬೈಲಿನ ಕೇಬಲ್ ಕೆಲವು ಚಾರ್ಜಿಂಗಿಗೆ ಮಾತ್ರ ಆಗುತ್ತವೆ. ಕಂಪ್ಯೂಟರು ಬೋರ್ಡನ್ನು ಗುರುತಿಸದೇ ಹೋದರೆ ಮೊದಲು ಬದಲಿಸಬೇಕಾದ್ದು ಕೇಬಲ್ಲನ್ನೇ. ಇನ್ನು ಡಬ್ಬಿ ತುಂಬ ಮೂವತ್ತು ನಲವತ್ತು ಸೆನ್ಸರ್ ಜೋಡಿಸಿ ಮಾರುವ ಕಿಟ್ಟುಗಳು: ಮೂಗಿಗಿಂತ ಮೂಗುತಿ ಭಾರ. ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಒಂದು ಬಜರ್, ನಾಲ್ಕು ಎಲ್‌ಇಡಿ, 330 ಓಮ್ ಮತ್ತು 1 ಕಿಲೋಓಮ್ ರೆಸಿಸ್ಟರ್ ಹತ್ತತ್ತು, ಗಂಡು-ಗಂಡು ಮತ್ತು ಗಂಡು-ಹೆಣ್ಣು ಜಂಪರ್ ತಂತಿ ಇಪ್ಪತ್ತಿಪ್ಪತ್ತು. ಮೂರು ತಿಂಗಳಿಗೆ ಇಷ್ಟು ಸಾಕು.

ಮೊದಲ ದಿನದ ಕೆಲಸ ಸಲೀಸು. ಬೋರ್ಡಿನ ಮೇಲಿನ ಬೂಟ್‌ಸೆಲ್ ಗುಂಡಿ ಒತ್ತಿ ಹಿಡಿದುಕೊಂಡೇ ಯುಎಸ್‌ಬಿ ಚುಚ್ಚಿ, ಆಮೇಲೆ ಬಿಡಿ. ಪೆನ್‌ಡ್ರೈವ್ ಹಾಗೆ ಒಂದು ಡ್ರೈವ್ ಕಾಣಿಸುತ್ತದೆ. ಮೈಕ್ರೊಪೈಥಾನಿನ ಯುಎಫ್2 ಫೈಲನ್ನು ಅದರೊಳಕ್ಕೆ ಎಳೆದು ಹಾಕಿದ ಕೂಡಲೇ ಡ್ರೈವ್ ಮಾಯವಾಗುತ್ತದೆ. ಹಾಳಾಯಿತು ಎಂದು ಗಾಬರಿಯಾಗಬೇಡಿ, ಮಾಯವಾದರೇ ಸರಿಯಾಯಿತು ಎಂದು ಅರ್ಥ. ಕೋಡ್ ಬರೆಯಲು ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಥಾನಿ ಎಂಬ ತಂತ್ರಾಂಶ ಸಾಕು; ಕೆಳಗಿನ ಬಲಮೂಲೆಯಲ್ಲಿ ಮೈಕ್ರೊಪೈಥಾನ್ ಆಯ್ದುಕೊಳ್ಳಿ. ಕಾಲೇಜಿನ ಲ್ಯಾಬಿನ ಉಬುಂಟುವಿನಲ್ಲಿ ಪೋರ್ಟ್ ತೆರೆಯಲು ಅನುಮತಿ ಇಲ್ಲ ಎಂದು ಬಂದರೆ ಆ ಬಳಕೆದಾರನನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ.

ಇಲ್ಲಿ ಎರಡು ತಪ್ಪು ಎಲ್ಲರೂ ಮಾಡುತ್ತಾರೆ. ಅಂತರ್ಜಾಲದಲ್ಲಿ ಸಿಗುವ ಹಳೆಯ ಪಾಠಗಳು ಬೋರ್ಡಿನ ಮೇಲಿನ ದೀಪ 25ನೇ ಪಿನ್ನಿನಲ್ಲಿದೆ ಅನ್ನುತ್ತವೆ. ಅದು ಮಾಮೂಲಿ ಪೈಕೊವಿನ ಮಾತು. ಡಬ್ಲ್ಯುವಿನಲ್ಲಿ ದೀಪ ವೈಫೈ ಚಿಪ್ಪಿಗೆ ಅಂಟಿಕೊಂಡಿದೆ, ಪಿನ್ ನಂಬರಿನ ಬದಲು "ಎಲ್‌ಇಡಿ" ಎಂಬ ಹೆಸರನ್ನೇ ಕೊಡಬೇಕು. ಹೆಸರು ಕೊಟ್ಟರೂ ದೋಷ ಬಂದರೆ ಮಾಮೂಲಿ ಪೈಕೊವಿನ ಫರ್ಮ್‌ವೇರ್ (ಆ ಯುಎಫ್2 ಫೈಲು) ಹಾಕಿದ್ದೀರಿ ಎಂದೇ ಲೆಕ್ಕ. ಎರಡನೆಯದು, ಫೈಲನ್ನು ಕಂಪ್ಯೂಟರಿನಲ್ಲಿ ಉಳಿಸುವುದು. ಬೋರ್ಡು ತಾನಾಗಿ ಓಡಿಸುವುದು ತನ್ನೊಳಗಿರುವ ಮೇನ್ ಡಾಟ್ ಪಿವೈ ಎಂಬ ಫೈಲನ್ನು. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಚಾರ್ಜರಿಗೆ ಚುಚ್ಚಿದಾಗ ಸುಮ್ಮನೆ ಕೂತಿರುತ್ತದೆ.

ಈಗ ಟ್ಯಾಂಕಿಗೆ ಬರೋಣ. ಎಚ್‌ಸಿ-ಎಸ್‌ಆರ್04 ಸೆನ್ಸರು ಶಬ್ದದ ತರಂಗ ಬಿಟ್ಟು, ನೀರಿಗೆ ತಾಗಿ ಮರಳಿ ಬರುವ ಹೊತ್ತನ್ನು ಹೇಳುತ್ತದೆ. ಅದಕ್ಕೆ 5 ವೋಲ್ಟ್ ಬೇಕು. ಪೈಕೊವಿನ 40ನೇ ಪಿನ್ನಿನಿಂದ ಕೊಡಬಹುದು. ತರಂಗ ಬಿಡು ಎಂದು ಹೇಳುವ ಟ್ರಿಗರ್ ತಂತಿ ನೇರ ಜೋಡಿಸಿದರೂ ತೊಂದರೆ ಇಲ್ಲ. ತರಂಗ ಮರಳಿದ ಸುದ್ದಿ ತರುವ ಎಕೋ ತಂತಿಯಲ್ಲಿ ಮಾತ್ರ 5 ವೋಲ್ಟ್ ವಾಪಸು ಬರುತ್ತದೆ, ಪೈಕೊವಿನ ಪಿನ್ನುಗಳು ತಡೆಯುವುದು 3.3 ವೋಲ್ಟಿನ ಲೆಕ್ಕಕ್ಕೆ. ಎಕೋದಿಂದ ಪಿನ್ನಿಗೆ 1 ಕಿಲೋಓಮ್, ಪಿನ್ನಿನಿಂದ ಗ್ರೌಂಡಿಗೆ 2 ಕಿಲೋಓಮ್ (1 ಕಿಲೋಓಮಿನವು ಎರಡನ್ನು ಸಾಲಾಗಿ ಕಟ್ಟಿದರಾಯಿತು) ಹಾಕಿದರೆ ಪಿನ್ನಿಗೆ ಸಿಗುವುದು 3.33 ವೋಲ್ಟ್. "ನೇರ ಹಾಕಿದರೂ ನಡೆಯುತ್ತಿದೆಯಲ್ಲ" ಅನ್ನುವವರಿದ್ದಾರೆ. ನಡೆಯುತ್ತದೆ, ಆ ಪಿನ್ನು ಸುಡುವ ತನಕ.

ಕೋಡಿನಲ್ಲಿ ಟ್ರಿಗರನ್ನು 10 ಮೈಕ್ರೊಸೆಕೆಂಡ್ ಎತ್ತಿ ಇಳಿಸಿ, ಮರಳಿ ಬರುವ ಹೊತ್ತನ್ನು ಟೈಮ್‌_ಪಲ್ಸ್‌_ಯುಎಸ್ ಎಂಬ ಫಂಕ್ಷನ್ನಿನಿಂದ ಪಡೆಯಬೇಕು. ಗಡುವು 30,000 ಮೈಕ್ರೊಸೆಕೆಂಡ್ ಇಟ್ಟರೆ ಸುಮಾರು 5 ಮೀಟರಿನ ಲೆಕ್ಕವಾಯಿತು. ಬಂದ ಹೊತ್ತನ್ನು 0.0343ರಿಂದ (ಶಬ್ದ ಒಂದು ಮೈಕ್ರೊಸೆಕೆಂಡಿಗೆ ಸಾಗುವ ಸೆಂಟಿಮೀಟರ್) ಗುಣಿಸಿ ಎರಡರಿಂದ ಭಾಗಿಸಿದರೆ ಸೆಂಟಿಮೀಟರ್. ಇಲ್ಲಿಯವರೆಗೆ ಎಲ್ಲ ಪಾಠಗಳೂ ಹೇಳಿಕೊಡುತ್ತವೆ. ಹೇಳಿಕೊಡದ್ದು ಇದು: ತರಂಗ ಗಡುವಿನೊಳಗೆ ಮರಳದಿದ್ದರೆ ಫಂಕ್ಷನ್ ದೋಷ ಎಸೆಯುವುದಿಲ್ಲ, ಸುಮ್ಮನೆ -1 ಕೊಡುತ್ತದೆ, ಎಕೋ ತಂತಿ ಕಳಚಿ ಸಿಗ್ನಲ್ಲೇ ಶುರುವಾಗದಿದ್ದರೆ -2. -1ನ್ನೂ ಅದೇ ಸೂತ್ರಕ್ಕೆ ಹಾಕಿದರೆ ದೂರ -0.017 ಸೆಂಟಿಮೀಟರ್ ಬರುತ್ತದೆ, -2 ಹಾಕಿದರೆ -0.034. "ದೂರ 20ಕ್ಕಿಂತ ಕಡಿಮೆ ಇದ್ದರೆ ಟ್ಯಾಂಕು ತುಂಬಿದೆ" ಎಂದು ಬರೆದಿದ್ದರೆ -0.017 ಕೂಡ 20ಕ್ಕಿಂತ ಕಡಿಮೆಯೇ! ತಂತಿ ಕಳಚಿದ ಟ್ಯಾಂಕು ಸದಾ ತುಂಬಿರುತ್ತದೆ, ಮನೆಯಲ್ಲಿ ನಲ್ಲಿ ಬಿಟ್ಟರೆ ಗಾಳಿ. ದೋಷದ ಬೆಲೆಯನ್ನು ನಿಜವಾದ ಬೆಲೆಯ ಜತೆ ಬೆರೆಸಬಾರದು, ಸೊನ್ನೆಗಿಂತ ಕಡಿಮೆ ಬಂದರೆ ನನ್ (None, ಬೆಲೆಯೇ ಇಲ್ಲ ಎನ್ನುವ ಪೈಥಾನಿನ ಗುರುತು) ಮರಳಿಸಬೇಕು ಎಂಬುದನ್ನು ಕಪ್ಪು ಹಲಗೆ ಮೇಲೆ ಎಷ್ಟು ಸಲ ಬರೆದರೂ ಹತ್ತುವುದಿಲ್ಲ. ಇಲ್ಲಿ ಒಂದೇ ಸಲಕ್ಕೆ ಹತ್ತುತ್ತದೆ.

ಲಿಸ್ಟ್ ಯಾಕೆ ಬೇಕು ಎನ್ನುವುದಕ್ಕೂ ಉತ್ತರ ಇದೇ ಟ್ಯಾಂಕಿನಲ್ಲಿದೆ. ನೀರು ಬೀಳುತ್ತಿರುವಾಗ ಮೇಲ್ಮೈ ಕುಣಿಯುತ್ತದೆ, ತರಂಗ ಗೋಡೆಗೆ ತಾಗಿಯೂ ಬರುತ್ತದೆ. ಸಾಲಾಗಿ ಓದಿದರೆ 62, 61, 118, 62, 63 ಹೀಗೆ ನಡುವೆ ಒಂದು ಪುಂಡ ಸಂಖ್ಯೆ ಸಿಗುತ್ತದೆ. ಸರಾಸರಿ ತೆಗೆದರೆ 73.2, ಪೂರ್ತಿ ಸುಳ್ಳು. ಐದನ್ನೂ ಲಿಸ್ಟಿಗೆ ಹಾಕಿ ಸಾರ್ಟ್ ಮಾಡಿ ನಡುವಿನದನ್ನು ತೆಗೆದರೆ 62. ಸೆನ್ಸರನ್ನು ಮುಚ್ಚಳದ ನಡುವೆ, ನೀರು ಬೀಳುವ ಪೈಪಿನಿಂದ ದೂರ ಕೂರಿಸಿದರೆ ಪುಂಡರ ಸಂಖ್ಯೆಯೂ ಕಡಿಮೆಯಾಗುತ್ತದೆ. ಟ್ಯಾಂಕಿನ ಒಳವ್ಯಾಸ 108 ಸೆಂಟಿಮೀಟರ್ ಇದ್ದರೆ ಒಂದು ಸೆಂಟಿಮೀಟರ್ ನೀರು ಸುಮಾರು 9.16 ಲೀಟರ್, ಫಂಕ್ಷನ್ ಬರೆಯಲು ಒಳ್ಳೆಯ ನೆವ. ಬೇಸಿಗೆಯ 30 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 349 ಮೀಟರ್, 343 ಅಲ್ಲ. ಮೀಟರಿಗೆ ಒಂದೂಮುಕ್ಕಾಲು ಸೆಂಟಿಮೀಟರಿನಷ್ಟು ವ್ಯತ್ಯಾಸ. ಟ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ.

ಒಂದು ಎಚ್ಚರಿಕೆ. ಈ ಸೆನ್ಸರಿನ ಎರಡು ಕಣ್ಣುಗಳು ತೆರೆದೇ ಇರುವುದರಿಂದ ಟ್ಯಾಂಕಿನ ಆವಿಗೆ ತುಕ್ಕು ಹಿಡಿಯುತ್ತವೆ. ಕಲಿಯುವಾಗ ಬಕೆಟ್ಟಿನ ಮೇಲೆ ಹಿಡಿಯಿರಿ. ಕಾಯಮ್ಮಾಗಿ ಕೂರಿಸಲು ನೀರು ಹೊಗದ ಜೆಎಸ್‌ಎನ್-ಎಸ್‌ಆರ್04ಟಿ ತೆಗೆದುಕೊಳ್ಳಿ. ಅದಕ್ಕೆ 20-25 ಸೆಂಟಿಮೀಟರಿನೊಳಗೆ ಕಣ್ಣು ಕಾಣದು, ಆದ್ದರಿಂದ ತುಂಬಿದ ಮಟ್ಟಕ್ಕಿಂತ ಅಷ್ಟು ಎತ್ತರದಲ್ಲಿರಬೇಕು.

ಮೋಟರನ್ನೇ ಆನ್-ಆಫ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಕೋಡಿನ ಮಾತಿಗೆ ಆನ್-ಆಫ್ ಆಗುವ ಸ್ವಿಚ್ಚಾದ ಕಿಟ್ಟಿನ ನೀಲಿ ರಿಲೇ ಮೇಲೆ 10 ಆಂಪ್ ಎಂದು ಬರೆದಿರುತ್ತದೆ, ಆದರೆ ಮೋಟರು ಶುರುವಾಗುವ ಕ್ಷಣ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು. ರಿಲೇಯ ತುದಿಗಳು ಬೆಸೆದುಕೊಂಡರೆ ಕೋಡು ಆಫ್ ಎಂದರೂ ಮೋಟರು ನಿಲ್ಲುವುದಿಲ್ಲ. ಮನೆ ಮೋಟರಿಗೆ ಎಲೆಕ್ಟ್ರಿಷಿಯನ್ ಕೈಯಿಂದ ಹೆಚ್ಚು ಕರೆಂಟ್ ತಾಳುವ ಕಾಂಟ್ಯಾಕ್ಟರ್ ಹಾಕಿಸಿ, ಇಲ್ಲವಾದರೆ ಬಜರಿನಲ್ಲೇ ತೃಪ್ತಿಪಡಿ. ಮಂಡ್ಯ ಕಡೆ ಕಬ್ಬಿನ ಗದ್ದೆಯ ತ್ರೀಫೇಸ್ ಪಂಪ್‌ಸೆಟ್ಟಿನ ಹತ್ತಿರಕ್ಕಂತೂ ಇದನ್ನು ಒಯ್ಯಬೇಡಿ. ಕೋಡಿನ ಪಾಠ ಮಾತ್ರ ಬಜರಿನಲ್ಲೂ ಸಿಗುತ್ತದೆ: ಒಂದೇ ಗಡಿ ಇಟ್ಟರೆ ಅಲೆಯ ಜತೆ ಆನ್-ಆಫ್-ಆನ್ ಎಂದು ಕಿರುಚಾಡುತ್ತದೆ. 20 ಪ್ರತಿಶತಕ್ಕೆ ಶುರು, 90ಕ್ಕೆ ನಿಲುಗಡೆ, ನಡುವೆ ಹಿಂದಿನ ಸ್ಥಿತಿಯನ್ನು ಒಂದು ವೇರಿಯಬಲ್ಲಿನಲ್ಲಿ ನೆನಪಿಟ್ಟುಕೊಳ್ಳಬೇಕು.

ಮಣ್ಣಿನ ತೇವದ ಸೆನ್ಸರ್ ಈ ಕಲಿಕೆಯ ಸೋತ ಭಾಗ. ಎರಡು ಕಾಲಿನ ಅಗ್ಗದ ಸೆನ್ಸರಿನಲ್ಲಿ ಕರೆಂಟು ಸದಾ ಹರಿಯುವುದರಿಂದ ಒಂದು ಕಾಲು ಕರಗಿಹೋಗುತ್ತದೆ, ಓದಿದ ಸಂಖ್ಯೆ ದಿನದಿನಕ್ಕೆ ಜಾರುತ್ತದೆ. ಕೆಪ್ಯಾಸಿಟಿವ್ ಸೆನ್ಸರು ತಾಳುತ್ತದೆ, ಆದರೆ ಹೂಕುಂಡದ ಮಣ್ಣಿಗೆ ಹೊಂದಿಸಿದ್ದು ಗದ್ದೆಯ ಮಣ್ಣಿಗೆ ಹೊಂದುವುದಿಲ್ಲ. ಡಿಎಚ್‌ಟಿ11 ತಾಪಮಾಪಕ 2 ಡಿಗ್ರಿ ಆಚೀಚೆ ಹೇಳುತ್ತದೆ. ಹವಾಮಾನ ತಿಳಿಯಲು ಪ್ರಯೋಜನವಿಲ್ಲ, ಸೆಕೆಂಡಿಗಿಂತ ಬೇಗ ಬೇಗ ಓದಿದರೆ ಎಡವಟ್ಟಾಗಿ ಓಎಸ್‌ಎರರ್ ಎಂಬ ದೋಷ ಕೊಡುವುದರಿಂದ, ದೋಷ ಹಿಡಿದು ನಿಭಾಯಿಸುವ ಟ್ರೈ-ಎಕ್ಸೆಪ್ಟ್ ಕಲಿಯಲು ಪ್ರಯೋಜನವಿದೆ.

ವೈಫೈ 2.4 ಗಿಗಾಹರ್ಟ್ಸ್ ಮಾತ್ರ. ಮೊಬೈಲ್ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಇದಕ್ಕೆ ಕಾಣುವುದೇ ಇಲ್ಲ. ನಮ್ಮ ಕಡೆ ದೊಡ್ಡ ಪರೀಕ್ಷೆ ಕರೆಂಟ್ ಹೋಗಿ ಬಂದಾಗ: ಬೋರ್ಡು ಕಣ್ಣು ಬಿಡಲು ಒಂದೆರಡು ಸೆಕೆಂಡು ಸಾಕು, ರೌಟರು ಎದ್ದೇಳಲು ನಿಮಿಷ ಬೇಕು. ಶುರುವಿನಲ್ಲಿ ಹತ್ತು ಸೆಕೆಂಡು ಕಾದು ಕೈಬಿಡುವ ಕೋಡು ಆಮೇಲೆ ಎಂದೂ ಜೋಡಣೆಯಾಗುವುದಿಲ್ಲ. ಸಂಪರ್ಕ ಇದೆಯೇ ಎಂಬ ಪ್ರಶ್ನೆ ಮುಖ್ಯ ಲೂಪಿನೊಳಗೇ ಇರಬೇಕು. ವಾಚ್‌ಡಾಗ್ (ಕೋಡು ಸಿಕ್ಕಿಕೊಂಡರೆ ಬೋರ್ಡನ್ನು ರೀಸ್ಟಾರ್ಟ್ ಮಾಡುವ ಕಾವಲುಗಡಿಯಾರ) ಹಾಕುವವರು ಗಮನಿಸಿ, ಅದರ ಗರಿಷ್ಠ ಗಡುವು 8,388 ಮಿಲಿಸೆಕೆಂಡ್. ವೈಫೈಗೆ ಕಾಯುವ ಲೂಪಿನಲ್ಲೂ ಅದಕ್ಕೆ ಅನ್ನ ಹಾಕದಿದ್ದರೆ ಬೋರ್ಡು ರೀಸ್ಟಾರ್ಟ್ ಆಗುತ್ತಲೇ ಇರುತ್ತದೆ.

ಗಡಿಯಾರದ್ದು ಇನ್ನೊಂದು ತಮಾಷೆ. ಮೇಜಿನ ಮೇಲೆ ಸಮಯ ಸರಿಯಾಗಿರುತ್ತದೆ, ತಾರಸಿಗೆ ಒಯ್ದರೆ 2021ರ ಜನವರಿ 1 ತೋರಿಸುತ್ತದೆ. ಬೋರ್ಡಿನಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. ಮೇಜಿನ ಮೇಲೆ ಥಾನಿ ಸದ್ದಿಲ್ಲದೆ ಸಮಯ ತುಂಬಿಕೊಡುತ್ತಿರುತ್ತದೆ. ಅಂತರ್ಜಾಲದಿಂದ ಸಮಯ ತರುವ ಎನ್‌ಟಿಪಿಟೈಮ್‌ನಿಂದ ತರಿಸಿಕೊಳ್ಳಿ, ಬರುವುದು ಯುಟಿಸಿ, 19,800 ಸೆಕೆಂಡ್ ಕೂಡಿಸಿದರೆ ನಮ್ಮ ಸಮಯ. ಓದಿದ್ದನ್ನೆಲ್ಲ ಲಿಸ್ಟಿಗೆ ಸೇರಿಸುತ್ತಾ ಹೋದರೆ ಒಂದಲ್ಲ ಒಂದು ಹೊತ್ತಿಗೆ ಮೆಮರಿಎರರ್ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆ ಬರೆದರೂ ಕಾಣದ ದೋಷ ಅದು, ಕೊನೆಯ 60 ಮಾತ್ರ ಇಟ್ಟುಕೊಂಡರೆ ಮುಗಿಯಿತು.

ಪಾಂಡಾಸ್, ಜ್ಯಾಂಗೊದಂಥ ದೊಡ್ಡ ಪೈಥಾನ್ ಲೈಬ್ರರಿಗಳನ್ನು ಕಲಿತು ಕೆಲಸ ಹಿಡಿಯುವ ಅವಸರವಿರುವವರಿಗೆ ಈ ಬೋರ್ಡು ಸುತ್ತುದಾರಿ, ಅವು ಇದರ ಮೇಲೆ ಓಡುವುದಿಲ್ಲ. ಸಿ++ ಬೇಕಾದವರು ಆರ್ಡುಯಿನೊ ಊನೊ ಆರ್3 ಬೋರ್ಡು ಹಿಡಿಯಲಿ: 16 ಮೆಗಾಹರ್ಟ್ಸ್, 2 ಕೆಬಿ ರ‍್ಯಾಮ್ ಇದ್ದರೂ ಅದು 5 ವೋಲ್ಟಿನದು, ಎಕೋಗೆ ರೆಸಿಸ್ಟರಿನ ಗೋಜಿಲ್ಲ. ಪೈಥಾನೇ ಬೇಕು, ಕೈಗೆ ಏನಾದರೂ ಸಿಗಬೇಕು ಅನ್ನುವವರಿಗೆ ಸದ್ಯಕ್ಕೆ ಪೈಕೊ ಡಬ್ಲ್ಯುಎಚ್ ಕೊಳ್ಳಬಹುದು. ಐದಕ್ಕೆ ನಾಲ್ಕು.

ಕಳೆದ ಒಂದು ಅಂಕ ಕನ್ನಡಕ್ಕೆ. 128×64ರ ಪುಟ್ಟ ಓಎಲ್‌ಇಡಿ ಪರದೆ ಜೋಡಿಸಿದರೆ ಅದರ ಲೈಬ್ರರಿಯಲ್ಲಿರುವುದು 8×8 ಚುಕ್ಕಿಯ ಇಂಗ್ಲಿಷ್ ಅಕ್ಷರ ಮಾತ್ರ. "ತುಂಬಿದೆ" ಎಂದು ತೋರಿಸಲು ಕಂಪ್ಯೂಟರಿನಲ್ಲಿ ಚಿತ್ರ ಬರೆದು ಬೈಟುಗಳಾಗಿ ಮಾಡಿ ಹಾಕಬೇಕು. ಬೋರ್ಡಿನಿಂದಲೇ ಮೊಬೈಲಿಗೆ ವೆಬ್ ಪುಟ ಕಳಿಸಿದರೆ ಕನ್ನಡ ಬರುತ್ತದೆ, ಪುಟದ ತಲೆಯಲ್ಲಿ ಯುಟಿಎಫ್-8 ಎಂದು ಹೇಳಿರಬೇಕು. ಆದರೂ ಪುಟದ ಕೊನೆಯ ಸಾಲುಗಳು ಕತ್ತರಿಸಿ ಹೋಗುತ್ತಿದ್ದರೆ ಪುಟ ಎಷ್ಟು ಬೈಟು ಎಂದು ಬ್ರೌಸರಿಗೆ ಹೇಳುವ ಕಂಟೆಂಟ್-ಲೆಂತ್ ನೋಡಿ. "ನೀರು" ಎಂಬ ಪದಕ್ಕೆ ಉದ್ದ ಎಣಿಸುವ ಲೆನ್ ಫಂಕ್ಷನ್ ಹಾಕಿದರೆ 4 ಬರುತ್ತದೆ: ನ, ದೀರ್ಘ ಈಕಾರ, ರ, ಉಕಾರ. ತಂತಿಯ ಮೇಲೆ ಹೋಗುವುದು ಒಂದೊಂದಕ್ಕೆ ಮೂರರಂತೆ 12 ಬೈಟು. ಮೊದಲು ಎನ್‌ಕೋಡ್ ಮಾಡಿ, ಆಮೇಲೆ ಲೆನ್ ಹಾಕಿ.