ಮಾರುತಿ 800ಕ್ಕೆ ವಾಟರ್ ಪಂಪ್ ಹಾಕಿಸಿದ್ದು: ಶಿವಮೊಗ್ಗದ ಬೋರ್ಡ್ ಇಲ್ಲದ ಗ್ಯಾರೇಜ್

ಶಿವಮೊಗ್ಗದ ಕಡೆ ಹಳೆಯ ಮಾರುತಿ ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಸಾಗರ ರಸ್ತೆ ಕಡೆ, ಒಳದಾರಿಯಲ್ಲಿ ಒಂದು ಸಣ್ಣ ಗ್ಯಾರೇಜ್ ಇದೆ. ಬೋರ್ಡ್ ಇಲ್ಲ. ಹುಣಸೆ ಮರದ ಕೆಳಗೆ ಯಾವಾಗಲೂ ಎರಡು ಓಮ್ನಿ ನಿಂತಿರುತ್ತವೆ, ಅದೇ ಗುರುತು.

ನಮ್ಮದು 2009ರ ಮಾರುತಿ 800, ಅಪ್ಪ ಕೊಂಡದ್ದು. ಕಳೆದ ತಿಂಗಳು ಕುಂದಾಪುರದಿಂದ ವಾಪಸ್ ಬರುವಾಗ ಹುಲಿಕಲ್ ಘಾಟಿಯ ಅರ್ಧಕ್ಕೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗಿಬಿಟ್ಟಿತು. ಕೂಡಲೇ ನಿಲ್ಲಿಸಿದೆ. ಬಾನೆಟ್ ಎತ್ತಿದರೆ ಬೆಲ್ಟ್ ಇರುವ ಬದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬಾರದು, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಹಾಗಾಗಿ ಸುಮ್ನೆ ಕೂತೆವು, ಅಮ್ಮ ಮತ್ತು ನಾನು, ಒಂದು ಗಂಟೆ. ಹೇಗೋ ಓಡಿಸಿಕೊಂಡು ಹೋಗೋಣ ಅಂತ ಮನಸ್ಸು ಹೇಳುತ್ತಿತ್ತು, ಆದರೆ ಈ ಎಂಜಿನ್‌ನ ಹೆಡ್, ಅಂದರೆ ಮೇಲಿನ ಭಾಗ, ಅಲ್ಯುಮಿನಿಯಂದು, ಜಾಸ್ತಿ ಬಿಸಿಯಾದರೆ ಸೊಟ್ಟಗಾಗಿ ಹೆಡ್ ಗ್ಯಾಸ್ಕೆಟ್ (ಅದರ ಕೆಳಗೆ ಸೋರದಂತೆ ಕೂರಿಸುವ ಪದರ) ಹೋಗುತ್ತದೆ, ಆಮೇಲೆ ಖರ್ಚಿಗೆ ಲೆಕ್ಕವೇ ಇಲ್ಲ. ಟೋಯಿಂಗ್ ಗಾಡಿ ತರಿಸಿದೆ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಯಾಕೆ ಅಂದರೆ, ಸೋರುತ್ತಿದ್ದ ಈ ವಾಟರ್ ಪಂಪ್ (ಎಂಜಿನ್ ತಂಪಾಗಿಡಲು ನೀರು ತಿರುಗಿಸುವುದು) ಹನ್ನೊಂದು ತಿಂಗಳ ಹಿಂದಷ್ಟೇ ಬೇರೆ ಕಡೆ ಬದಲಾಗಿತ್ತು. ನಡುವೆ ಒಮ್ಮೆ ಸೋರುತ್ತಿದೆ ಅಂತ ಅಲ್ಲಿಗೇ ಒಯ್ದಾಗ ಹತ್ತೇ ನಿಮಿಷದಲ್ಲಿ 'ಸರಿ ಆಯ್ತು' ಅಂತ ಕೊಟ್ಟಿದ್ದರು.

ಅವರು ಏನು ಮಾಡಿದ್ದರು ಅಂತ ಗೊತ್ತಾದದ್ದು ಈ ಗ್ಯಾರೇಜಿನ ಮೇಸ್ತ್ರಿ ಪಂಪ್ ಬಿಚ್ಚಿ ಕೈಗೆ ಕೊಟ್ಟಾಗ. "ಇಲ್ನೋಡಿ ಅಣ್ಣಾ" ಅಂದರು. ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಡೆ ಒಂದು ತುದಿಯಲ್ಲಿ ನೀರು ತಳ್ಳುವ ಇಂಪೆಲ್ಲರ್, ಇನ್ನೊಂದು ತುದಿಯಲ್ಲಿ ಬೇರಿಂಗ್, ನಡುವೆ ಸೀಲ್. ಸೀಲ್ ಸವೆದರೆ ನೀರು ಬೇರಿಂಗಿಗೆ ಹೋಗದೆ ಆ ತೂತಿನಿಂದ ಹೊರಗೆ ಬೀಳಲಿ ಅಂತಲೇ ಕಂಪನಿಯವರು ಅದನ್ನು ಇಟ್ಟಿರುತ್ತಾರೆ. ಅಲ್ಲಿ ನೀರು ಕಂಡರೆ ಪಂಪ್ ಬದಲಿಸಬೇಕು ಅಂತ ಅರ್ಥ. ನಮ್ಮ ಪಂಪಿನಲ್ಲಿ ಆ ತೂತಿಗೆ ಎಂ-ಸೀಲ್ ಮೆತ್ತಿದ್ದರು! ನೀರು ಬೇರಿಂಗಿಗೆ ನುಗ್ಗಿ ಗ್ರೀಸ್ ತೊಳೆದುಹೋಗಿತ್ತು, ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನುತ್ತಿತ್ತು. ಇಂಥ ಕೆಲಸ ಮಾಡುವವರಿಗೆ ಗಾಡಿಯೊಳಗೆ ಒಂದು ಮನೆಯ ಜನ ಕೂತಿರುತ್ತಾರೆ ಅನ್ನುವ ಯೋಚನೆಯಾದರೂ ಬೇಡವೇ?

ಈ ಮೇಸ್ತ್ರಿ ಮೊದಲು ನೋಡಿದ್ದು ಆಯಿಲ್. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ನೀರು ಸೇರಿದೆ ಅಂತ. ನಮ್ಮದು ಸರಿಯಾಗಿತ್ತು, ಉಸಿರು ಬಂತು. ಆಮೇಲೆ ಒಂದು ಮಾತು ಹೇಳಿದರು. ಈ ಎಂಜಿನ್‌ನಲ್ಲಿ ಪಂಪ್ ತೆಗೆಯಬೇಕಾದರೆ ಟೈಮಿಂಗ್ ಬೆಲ್ಟ್ (ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಪಟ್ಟಿ) ಬಿಚ್ಚಲೇಬೇಕು. ಬೆಲ್ಟ್ ಹಳೆಯದಾಗಿದ್ದರೆ ಅದನ್ನೂ ಅದನ್ನು ಬಿಗಿಯಾಗಿಡುವ ಟೆನ್ಷನರ್ ಅನ್ನೂ ಈಗಲೇ ಹಾಕಿಸಿದರೆ ಇನ್ನೊಮ್ಮೆ ಅದೇ ಕೂಲಿ ಕೊಡುವುದು ತಪ್ಪುತ್ತದೆ. ಲೆಕ್ಕ ಸರಿ ಅನ್ನಿಸಿತು, ಹಾಕಿಸಿದೆ. ಮಾರುತಿಯ ಈಚಿನ ಕೆ-ಸೀರೀಸ್ ಎಂಜಿನ್‌ಗಳಲ್ಲಿ ಬೆಲ್ಟ್ ಬದಲು ಟೈಮಿಂಗ್ ಚೈನ್ ಇದೆ, ಪಂಪ್ ಹೊರಗಡೆಯೇ ಸಿಗುತ್ತದೆ, ಅವರಿಗೆ ಈ ತೊಂದರೆ ಇಲ್ಲ.

ಪಂಪ್ ಮಾರುತಿ ಜೆನ್ಯೂನ್ ಪಾರ್ಟ್ಸ್‌ದೇ ತರಿಸಿದರು, ಡಬ್ಬ ನನ್ನ ಎದುರಿಗೇ ಒಡೆದರು. ಹಿಂದಿನದಕ್ಕೆ ಹೆಸರೂ ಇರಲಿಲ್ಲ, ನಂಬರೂ ಇರಲಿಲ್ಲ. ಪಂಪ್ ಕೂರುವ ಜಾಗದಲ್ಲಿ ಅಂಟಿದ್ದ ಹಳೇ ಗ್ಯಾಸ್ಕೆಟ್ ಕೆರೆದು ಒರೆಸುವುದಕ್ಕೇ ಮುಕ್ಕಾಲು ಗಂಟೆ ತೆಗೆದುಕೊಂಡರು. ಅಲ್ಲಿ ಚೂರು ಉಳಿದರೂ ಹೊಸ ಪಂಪ್ ಸೋರುತ್ತದೆ ಅಲ್ವಾ.

ರೇಡಿಯೇಟರ್ ತೊಳೆದಾಗ ಬಂದದ್ದು ಕೆಮ್ಮಣ್ಣಿನಂಥ ನೀರು. ಇದು ನಮ್ಮ ತಪ್ಪೇ. ವರ್ಷಗಟ್ಟಲೆ ಬೋರ್ ನೀರು ಹಾಕುತ್ತಾ ಬಂದಿದ್ದೆವು. ಗಡಸು ನೀರು ಒಳಗೆ ಬಿಳಿ ಪದರ ಕಟ್ಟುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಆ ಪುಡಿಯೇ ಪಂಪಿನ ಸೀಲ್ ಉಜ್ಜುತ್ತದೆ. ಕೂಲೆಂಟ್ ಇದ್ದರೆ ತುಕ್ಕು ತಡೆಯುತ್ತದೆ, ನೀರಿಗಿಂತ ತಡವಾಗಿ ಕುದಿಯುತ್ತದೆ. ಅವರು ಕೂಲೆಂಟ್ ಜೊತೆ ಬೆರೆಸಿದ್ದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ನೀರು ಹಾಕಿ ತೊಳೆದರು. ಕೂಲೆಂಟ್ ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ. ಗ್ಯಾರೇಜಿನ ಬಾಗಿಲಲ್ಲೇ ಒಂದು ನಾಯಿ ಮಲಗಿತ್ತು. ಅವರು ತೊಳೆದದ್ದನ್ನು ನೋಡಿ ನನಗೆ ಈ ಮನುಷ್ಯನ ಮೇಲೆ ನಂಬಿಕೆ ಬಂತು.

ಕೊನೆಗೆ ಏರ್ ಲಾಕ್, ಅಂದರೆ ಒಳಗೆ ಸಿಕ್ಕಿಕೊಂಡ ಗಾಳಿ, ತೆಗೆದ ರೀತಿ. ತಣ್ಣಗಿದ್ದಾಗಲೇ ಮುಚ್ಚಳ ತೆಗೆದಿಟ್ಟು ಎಂಜಿನ್ ಸ್ಟಾರ್ಟ್ ಮಾಡಿದರು. ಪೈಪ್ ಹಿಸುಕುತ್ತಾ, ಗುಳ್ಳೆ ನಿಲ್ಲುವ ತನಕ ಕೂಲೆಂಟ್ ಹಾಕುತ್ತಾ ಹೋದರು. ಆಮೇಲೆ ಮುಚ್ಚಿ, ರೇಡಿಯೇಟರ್ ಫ್ಯಾನ್ ಎರಡು ಸಲ ಆನ್ ಆಗಿ ನಿಂತ ಮೇಲೇ ಎಂಜಿನ್ ಆಫ್ ಮಾಡಿದ್ದು. ರಾತ್ರಿ ಗಾಡಿ ಅಲ್ಲೇ ಬಿಡಿ, ಬೆಳಿಗ್ಗೆ ಇನ್ನೊಮ್ಮೆ ಮಟ್ಟ ನೋಡಿಯೇ ಕೊಡುತ್ತೇನೆ ಅಂದರು.

ಖರ್ಚು: ಪಂಪ್ 1,150, ಬೆಲ್ಟ್ ಮತ್ತು ಟೆನ್ಷನರ್ 1,400, ಕೂಲೆಂಟ್ 450, ಕೂಲಿ 1,500. ಒಟ್ಟು 4,500 ರೂಪಾಯಿ. ಹಳೇ ಪಂಪ್ ಕೇಳದೇ ವಾಪಸ್ ಕೊಟ್ಟರು.

ಕೊರತೆಯೂ ಇದೆ. ಒಂದು ದಿನ ಅಂದದ್ದು ಎರಡು ದಿನ ಆಯಿತು. ಫೋನ್ ಎತ್ತುವುದಿಲ್ಲ, ಹೋಗಿಯೇ ಕೇಳಬೇಕು. ಪ್ರಿಂಟೆಡ್ ಬಿಲ್ ಇಲ್ಲ, ಚೀಟಿಯಲ್ಲಿ ಬರೆದುಕೊಡುತ್ತಾರೆ, ಅದನ್ನು ಎಂ.ಆರ್.ಪಿ ಇರುವ ಡಬ್ಬದ ಜೊತೆ ಇಟ್ಟುಕೊಳ್ಳಿ. ಕೂರಲು ಜಾಗವೂ ಇಲ್ಲ.

ಹೋಗುವುದಾದರೆ ಬೆಳಿಗ್ಗೆ ಒಂಬತ್ತೂವರೆ ಒಳಗೆ ಹೋಗಿ, ಆಗ ಎಂಜಿನ್ ತಣ್ಣಗಿರುವಾಗಲೇ ಪೂರ್ತಿ ಬಿಚ್ಚಿ ನೋಡುತ್ತಾರೆ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ.