ಬಾರ್ಲಿ ಮಾಲ್ಟ್, ಜೋಳದ ಮಾಲ್ಟ್: ಧಾರವಾಡದ ಅಡುಗೆಮನೆಯಲ್ಲಿ ಒಂದು ಐರಿಷ್ ರೆಡ್ ಸ್ಪರ್ಧೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಬಾರ್ಲಿಗೆ. ಅದೂ ಸಿಪ್ಪೆ ಇರುವ ಬಾರ್ಲಿಗೆ. ದಿನಾ ಎರಡು ಹೊತ್ತು ಜೋಳದ ರೊಟ್ಟಿ ತಿನ್ನುವವಳು ಹೀಗೆ ಹೇಳೋದು ಸ್ವಲ್ಪ ಕಷ್ಟವೇ. ನಮ್ಮತ್ತೆ ಇನ್ನೂ ಮುನಿಸಿಕೊಂಡಿದ್ದಾರೆ.

ಇದೆಲ್ಲ ಶುರುವಾಗಿದ್ದು ನನ್ನ ತಮ್ಮನಿಂದ. ಅವನಿರೋದು ಅಮೆರಿಕದಲ್ಲಿ, ಮನೆಯಲ್ಲೇ ಬಿಯರ್ ಮಾಡೋ ಹುಚ್ಚು. ಅಲ್ಲಿ 1978ರ ಕಾನೂನು ಬಂದ ಮೇಲೆ ಅದಕ್ಕೆ ಅಡ್ಡಿಯಿಲ್ಲ, ಮಾರಬಾರದು ಅಷ್ಟೇ. ಹೋದ ವರ್ಷ ಐರಿಷ್ ರೆಡ್ ಏಲ್ ಅನ್ನೋ ಕೆಂಪು ಬಿಯರ್ ಮಾಡಿ ಒಂದು ಸ್ಪರ್ಧೆಗೆ ಬಾಟಲಿ ಕಳಿಸಿದ. 50ಕ್ಕೆ 29 ಬಂತು. 30 ಬಂದಿದ್ದರೆ 'ವೆರಿ ಗುಡ್', 29ಕ್ಕೆ ಬರೀ 'ಗುಡ್'. ಆ ಒಂದು ಅಂಕದ ಕಥೆ ನಾನು ಫೋನಿನಲ್ಲಿ ಎಷ್ಟು ಸಲ ಕೇಳಿದ್ದೇನೋ! ಹುರಿದ ಘಮ ಜಾಸ್ತಿ ಆಯ್ತು ಅಂತ ತೀರ್ಪುಗಾರರು ಬರೆದಿದ್ದರಂತೆ. ಈ ಏಲ್‌ಗೆ ಕೆಂಪು ಬರೋದೇ ಕಪ್ಪಗೆ ಹುರಿದ ಬಾರ್ಲಿಯಿಂದ, ಆದರೆ ಅದು ಚಿಟಿಕೆಯಷ್ಟೇ ಇರಬೇಕು. ಮೊದಲು ಕ್ಯಾರಮೆಲ್ಲಿನ ಸಿಹಿ, ಕಹಿ ಕಡಿಮೆ, ಕೊನೆಗೆ ಬಾಯಿ ಒಣಗಿದ ಹಾಗೆ ಆಗಬೇಕು. ಹುರಿದದ್ದು ಜಾಸ್ತಿಯಾದರೆ ಸ್ಟೌಟ್ ಅನ್ನೋ ಕಪ್ಪು ಬಿಯರ್ ಕಡೆ ಹೋಗುತ್ತದೆ.

"ಡಿಸೆಂಬರ್‌ದಾಗ ಬರ್ತೇನಿ ಅಕ್ಕಾ, ನಮ್ಮನ್ಯಾಗೂ ಒಂದು ಸ್ಪರ್ಧಾ ಇಡೂಣು" ಅಂದ. ಇಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ಮಾಡಿದರೆ ಅಬಕಾರಿಯವರು ಬರುತ್ತಾರೆ. ಹಾಗಾಗಿ ಯೀಸ್ಟ್ ಬೇಡ, ಹುಳಿ ಬರಿಸೋದು ಬೇಡ ಅಂತ ಮಾತಾಯ್ತು. ಕಾಳಿಗೆ ಮೊಳಕೆ ಬರಿಸಿ, ಒಣಗಿಸಿ (ಇದೇ ಮಾಲ್ಟ್), ಬಿಸಿನೀರಲ್ಲಿ ನೆನೆಸಿ, ಬರುವ ಸಿಹಿ ನೀರನ್ನು ಕುದಿಸಿ, ಆರಿಸಿ, ಸೋಡಾ ಬೆರೆಸೋದು. ಬಣ್ಣ, ರುಚಿ ಮಾತ್ರ ಐರಿಷ್ ರೆಡ್ ಹತ್ತಿರ ಬರಬೇಕು.

ನನ್ನ ಮೊದಲ ಖರೀದಿಯೇ ಕೆಟ್ಟಿತು. ಕಿರಾಣಿ ಅಂಗಡಿಯಲ್ಲಿ ಬಾರ್ಲಿ ಅಂತ ಕೇಳಿ 5 ಕಿಲೋ ತಂದೆ. ಬೆಳ್ಳಗೆ, ದುಂಡಗೆ, ನೋಡಲು ಚೆಂದ. ಒಂದು ದಿನ ನೆನೆಸಿದೆ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಮೂರನೇ ದಿನ ಗಂಟು ಬಿಚ್ಚಿದರೆ ಮೊಳಕೆ ಇಲ್ಲ, ಅಂಟು ಅಂಟು, ಗಬ್ಬು ವಾಸನೆ. ಬಾರ್ಲಿ ನೀರಿಗೆ, ಸೂಪಿಗೆ ಅಂತ ಮಾರುವ ಆ ಬಾರ್ಲಿಯ ಸಿಪ್ಪೆ ತೆಗೆದು ಪಾಲಿಶ್ ಮಾಡಿರುತ್ತಾರೆ, ಮೊಳಕೆಯ ಮೂತಿಯೂ ಅದರ ಜೊತೆಗೇ ಹೋಗಿರುತ್ತದೆ. ಅದು ಮೊಳೆಯೋದೇ ಇಲ್ಲ. ಬೀಜದಂಗಡಿಗೆ ಹೋಗೋಣ ಅಂದುಕೊಂಡೆ, ಆದರೆ ಬಿತ್ತನೆ ಬೀಜಕ್ಕೆ ಔಷಧಿ ಹಚ್ಚಿರುತ್ತಾರೆ, ಅದನ್ನು ಬಾಯಿಗೆ ಹಾಕೋ ಹಾಗಿಲ್ಲ. ಕೊನೆಗೆ ಸಿಕ್ಕಿದ್ದು ಹುಬ್ಬಳ್ಳಿಯ ಒಂದು ಪೂಜಾ ಸಾಮಾನಿನ ಅಂಗಡಿಯಲ್ಲಿ. ಹೋಮಕ್ಕೆ ಅಂತ 'ಜೌ' (ಹಿಂದಿಯಲ್ಲಿ ಬಾರ್ಲಿ) ಇಟ್ಟಿದ್ದರು. ಸಿಪ್ಪೆ ಸಮೇತ, ಹುಲ್ಲಿನ ಬಣ್ಣ, ಭತ್ತದ ಹಾಗೆ ಒರಟು. ಮೊದಲು ಒಂದು ಹಿಡಿ ತಂದು ಪರೀಕ್ಷೆ ಮಾಡಿದೆ, ಬುದ್ಧಿ ಬಂದಿತ್ತಲ್ಲ. ಎರಡೇ ದಿನಕ್ಕೆ ಬೆಳ್ಳಗೆ ಬೇರು ಇಣುಕಿತು.

ಜೋಳಕ್ಕೆ ಈ ತಾಪತ್ರಯ ಇಲ್ಲ. ಮನೆಯ ಡಬ್ಬಿಯಲ್ಲಿ ಬಿಳಿಜೋಳ ಇತ್ತು, ಅದನ್ನೇ ನೆನೆಸಿದೆ. ಆದರೆ ನಮ್ಮ ಧಾರವಾಡದ ಡಿಸೆಂಬರ್ ಚಳಿ ಬಾರ್ಲಿಗೆ ತವರುಮನೆ, ಜೋಳಕ್ಕಲ್ಲ. ಜೋಳಕ್ಕೆ ಸೆಕೆ ಬೇಕು. ಗಂಟನ್ನು ಒಲೆಯ ಪಕ್ಕ ಇಟ್ಟು, ಮೇಲೆ ಕಂಬಳಿ ಹೊದಿಸಿ, ಕೂಸಿನ ಹಾಗೆ ನೋಡಿಕೊಂಡೆ.

ಇನ್ನೊಂದು ಮಾತು, ಇದನ್ನು ಹಗುರ ಮಾಡಬೇಡಿ. ಎಳೆ ಜೋಳದ ಪೈರು ಮೇಯ್ದು ದನ ಸಾಯೋದು ನಮ್ಮ ಕಡೆ ಎಲ್ಲರಿಗೂ ಗೊತ್ತಲ್ವಾ, ಅದೇ ಸೈನೈಡ್ ಆಗುವ ಅಂಶ ಜೋಳದ ಮೊಳಕೆಯಲ್ಲೂ ಇರುತ್ತದೆ. ಒಣಗಿದ ಮೇಲೆ ಬೇರು, ಮೊಳಕೆ ಎರಡನ್ನೂ ಚೆನ್ನಾಗಿ ತಿಕ್ಕಿ, ಮೊರದಲ್ಲಿ ಕೇರಿ ತೆಗೆಯಲೇಬೇಕು. ಕುದಿಸುವಾಗ ಮುಚ್ಚಳ ಹಾಕಬಾರದು.

ಇಲ್ಲಿವರೆಗೂ ಎರಡೂ ಸಮ ಅನ್ನಿ. ಜೋಳ ನನ್ನನ್ನು ಅಳಿಸಿದ್ದು ಸೋಸುವಾಗ.

ಬಾರ್ಲಿ ಮಾಲ್ಟನ್ನು ದಪ್ಪ ನುಚ್ಚು ಮಾಡಿ 66 ಡಿಗ್ರಿಯ ನೀರಲ್ಲಿ ಒಂದು ಗಂಟೆ ಇಟ್ಟರೆ ಅದರ ಪಿಷ್ಟ ತಾನೇ ಸಕ್ಕರೆಯಾಗುತ್ತದೆ. ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ ಒಂದು ಹನಿ ಹಾಕಿ ನೋಡಿದೆ, ಕಪ್ಪು-ನೀಲಿ ಆಗಲಿಲ್ಲ, ಅಂದರೆ ಪಿಷ್ಟ ಮುಗಿದಿದೆ. ಅದರ ಸಿಪ್ಪೆಯೇ ತಳದಲ್ಲಿ ಕೂತು ಜರಡಿಯಾಗುತ್ತದೆ. ನೀರು ಸೊಗಸಾಗಿ, ತಿಳಿಯಾಗಿ ಇಳಿಯಿತು. ಇಪ್ಪತ್ತು ನಿಮಿಷದ ಕೆಲಸ.

ಜೋಳಕ್ಕೆ 66 ಡಿಗ್ರಿ ಸಾಲದು, ಅದರ ಪಿಷ್ಟ ಬೇಯೋದಕ್ಕೆ ಇನ್ನೂ ಜಾಸ್ತಿ ಬಿಸಿ ಬೇಕು. ಅಷ್ಟು ಬಿಸಿ ಮಾಡಿದರೆ ಸಕ್ಕರೆ ಮಾಡುವ ಕಿಣ್ವ ಸಾಯುತ್ತದೆ. ಅದಕ್ಕೆ ತಮ್ಮ ಹೇಳಿಕೊಟ್ಟ ಉಪಾಯ: ಉಗುರುಬೆಚ್ಚಗಿನ ನೀರಲ್ಲಿ ಮೊದಲು ಕಲಸಿ, ಮೇಲಿನ ತಿಳಿ ನೀರು ಬಸಿದು ಪಕ್ಕಕ್ಕಿಟ್ಟು, ಕೆಳಗಿನ ಗಟ್ಟಿಯನ್ನು ಕುದಿಸಿ ಗಂಜಿ ಮಾಡಿ, ಆರಿಸಿ, ಆಮೇಲೆ ಆ ತಿಳಿಯನ್ನು ಮತ್ತೆ ಸೇರಿಸಬೇಕು. ಸೇರಿಸಿದೆ. ಅಯೋಡಿನ್ ಪರೀಕ್ಷೆ ಕೂಡ ಪಾಸಾಯಿತು. ಖುಷಿಯಿಂದ ಜರಡಿಗೆ ಸುರಿದೆ, ನಿಂತೇಬಿಟ್ಟಿತು. ಜೋಳಕ್ಕೆ ಸಿಪ್ಪೆ ಇಲ್ಲವಲ್ಲ! ಗಿರಣಿಯವರು ನುಚ್ಚಿನ ಬದಲು ಹಿಟ್ಟನ್ನೇ ಬೀಸಿಕೊಟ್ಟಿದ್ದು ಬೇರೆ. ಜರಡಿ ಮುಚ್ಚಿಹೋಯಿತು. ಬಟ್ಟೆಗೆ ಹಾಕಿದೆ, ಬಟ್ಟೆಯೂ ಮುಚ್ಚಿತು. ಶ್ರೀಖಂಡಕ್ಕೆ ಚಕ್ಕಾ ಕಟ್ಟುವ ಹಾಗೆ ಗಂಟು ಕಟ್ಟಿ ಕಿಟಕಿಯ ಸರಳಿಗೆ ನೇತು ಹಾಕಿದೆ. ರಾತ್ರಿಯೆಲ್ಲ ತೊಟ್ಟಿಕ್ಕಿ ಬೆಳಗ್ಗೆ ನೋಡಿದರೆ ಒಂದು ಚರಿಗೆಯೂ ತುಂಬಿರಲಿಲ್ಲ, ಅದಾಗಲೇ ಹುಳಿ ವಾಸನೆ. ತಮ್ಮ ಮೂಸಿ ನೋಡಿ, "ಅಕ್ಕಾ, ಇದು ರೆಡ್ ಅಲ್ಲ, ಅಂಬಲಿ ಆತು ನೋಡು" ಅಂದ. ಅದನ್ನು ಅತ್ತೆ ಮಜ್ಜಿಗೆ ಹಾಕಿ ಕುಡಿದೇಬಿಟ್ಟರು.

ಎರಡನೇ ಸಲ ಹಾನಗಲ್ಲಿನ ನೆಂಟರಿಂದ ಒಂದು ಚೀಲ ಭತ್ತದ ಹೊಟ್ಟು ತರಿಸಿ, ನಾಲ್ಕು ನೀರಲ್ಲಿ ತೊಳೆದು, ಕುದಿಸಿ, ಗಂಜಿಗೆ ಬೆರೆಸಿದೆ. ನುಚ್ಚನ್ನು ಮಿಕ್ಸಿಯಲ್ಲಿ ನಾನೇ ಒಡೆದೆ. ಆಗ ಇಳಿಯಿತು, ಎರಡು ಗಂಟೆ ಹಿಡಿಯಿತು, ಸ್ವಲ್ಪ ಮಬ್ಬಾಗಿಯೇ ಇತ್ತು. ಸ್ಪರ್ಧೆಗೆ ಇದನ್ನೇ ಇಟ್ಟೆವು. ಬಿಯರ್ ಮಾಡುವವರು ನಿಜಕ್ಕೂ ಹೊಟ್ಟು ಹಾಕುತ್ತಾರಂತೆ, ನನಗಾದರೆ ದನದ ಕೊಟ್ಟಿಗೆ ತೊಳೆದ ಹಾಗನಿಸಿತು.

ರಾಗಿಯನ್ನೂ ನೋಡಿದೆ. ಮಕ್ಕಳ ರಾಗಿ ಮಾಲ್ಟ್ ರುಚಿಯೇ ಬಂತು, ಬಿಟ್ಟೆ.

ಬಣ್ಣಕ್ಕೆ ಎರಡಕ್ಕೂ ಒಂದೇ ಲೆಕ್ಕ: ಕಿಲೋ ಮಾಲ್ಟಿಗೆ 25 ಗ್ರಾಂ ಬಾರ್ಲಿ, ಕಬ್ಬಿಣದ ಬಾಣಲೆಯಲ್ಲಿ ಕಾಫಿ ಬೀಜದಷ್ಟು ಕಪ್ಪಗೆ ಹುರಿದದ್ದು. ಮನೆಯೆಲ್ಲ ಹೊಗೆ. ಬಾರ್ಲಿಯದ್ದು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದರೆ ದಾಳಿಂಬೆ ರಸದಂತೆ ಕೆಂಪು. ಜೋಳದ್ದು ಕಂದು, ಬೆಲ್ಲದ ನೀರಿನ ಹಾಗೆ.

ತಮ್ಮ ಅಲ್ಲಿಯ ಅಂಕಪಟ್ಟಿಯನ್ನೇ ತಂದಿದ್ದ: ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಅನ್ನಿಸೋದಕ್ಕೆ 5, ಒಟ್ಟಾರೆ 10. ಅವನ ಪ್ರಕಾರ ಬಾರ್ಲಿಗೆ 32, ಜೋಳಕ್ಕೆ 21. ನಮ್ಮನೆಯವರು ಎರಡಕ್ಕೂ 30 ಕೊಟ್ಟು ಕ್ರಿಕೆಟ್ ನೋಡಲು ಹೋದರು. ಅತ್ತೆ ಜೋಳಕ್ಕೆ 50ಕ್ಕೆ 50 ಕೊಟ್ಟು, "ಬಾರ್ಲಿ ಜಡ್ಡಿನವರಿಗೆ ಕುಡಸೋದು" ಅಂದರು. ಜೋಳದ್ದು ರುಚಿ ಕೆಟ್ಟದ್ದೇನಲ್ಲ, ಸುಮ್ನೆ ಹೇಳಬಾರದು. ರೊಟ್ಟಿ ಸುಡುವಾಗಿನ ಘಮ ಇತ್ತು.

ದುಡ್ಡು ನೋಡುವವರಿಗೆ ಜೋಳವೇ ಸೋವಿ, ಮನೆಯಲ್ಲೇ ಇರುತ್ತದೆ. ಹೋಮದ ಬಾರ್ಲಿ ಸಣ್ಣ ಪೊಟ್ಟಣದಲ್ಲಿ ಕೊಂಡರೆ ಕೈ ಸುಡುತ್ತದೆ, ಕಲ್ಲು ಮಣ್ಣು ಆರಿಸೋದೂ ಇದೆ. ಆದರೂ ಕೆಲಸಕ್ಕೆ ಹೋಗುವ ನನಗೆ ಭಾನುವಾರ ಒಂದೇ ಸಿಗೋದು, ಅದನ್ನು ಗಂಟು ಹಿಂಡುತ್ತಾ ಕಳೆಯಲಾರೆ. ಸಂಕ್ರಾಂತಿಗೆ ಮತ್ತೆ ಬಾರ್ಲಿಯದ್ದೇ ಮಾಡಿದೆ, ಈ ಸಲ ಹುರಿದದ್ದನ್ನು 20 ಗ್ರಾಂಗೆ ಇಳಿಸಿದೆ. ಆ ಪಾಲಿಶ್ ಬಾರ್ಲಿ ಇನ್ನೂ ನಾಲ್ಕು ಕಿಲೋ ಉಳಿದಿದೆ, ಯಾರಿಗಾದರೂ ಬೇಕಿದ್ದರೆ ಡಬ್ಬಿ ತಂದು ತೆಗೆದುಕೊಂಡು ಹೋಗಿ.